ಮುಧೋಳ ನಾಯಿ: ಪ್ರದರ್ಶನದಲ್ಲಿ ತೀರ್ಪುಗಾರರು ನೋಡುವುದೇನು?

ಬಾಗಲಕೋಟೆ ಜಿಲ್ಲೆಯ ಮುಧೋಳದ ಹೆಸರು ಹೊತ್ತ ಬೇಟೆ ನಾಯಿಗೆ ಗಡಿಯಾಚೆಯ ಮಹಾರಾಷ್ಟ್ರದಲ್ಲಿ 'ಕಾರವಾನಿ' ಎನ್ನುತ್ತಾರೆ. ಕೆನಲ್ ಕ್ಲಬ್ ಆಫ್ ಇಂಡಿಯಾದ ದಾಖಲೆಗಳಲ್ಲಿ ಇದು 'ಕ್ಯಾರವಾನ್ ಹೌಂಡ್'. ಶ್ವಾನ ಪ್ರದರ್ಶನಕ್ಕೆ ನಾಯಿ ಒಯ್ಯುವವರು ಈ ಹೆಸರನ್ನು ತಿಳಿದಿರಬೇಕು.

ತೀರ್ಪುಗಾರರು ಮುಖ್ಯವಾಗಿ ಎರಡು ಸಂಗತಿ ನೋಡುತ್ತಾರೆ. ಒಂದು ತಳಿಲಕ್ಷಣ, ಅಂದರೆ ನೋಡಿದ ಕೂಡಲೇ 'ಇದು ಮುಧೋಳ' ಎಂದು ಗುರುತಿಸುವಂತಹ ರೂಪ. ಇನ್ನೊಂದು ಗುಣಮಟ್ಟ, ಅಂದರೆ ಆ ರೂಪ ಎಷ್ಟು ದೋಷರಹಿತವಾಗಿದೆ ಎಂಬುದು. ಗಟ್ಟಿಮುಟ್ಟಾದ ನಾಯಿಯಲ್ಲಿ ತಳಿಲಕ್ಷಣ ಇಲ್ಲದಿದ್ದರೆ ಅದು ಒಳ್ಳೆಯ ನಾಯಿ, ಒಳ್ಳೆಯ ಮುಧೋಳ ಅಲ್ಲ. ಲಕ್ಷಣವಿದ್ದೂ ಕಾಲು ಸೊಟ್ಟಗಿದ್ದರೆ ಬಹುಮಾನ ಕಷ್ಟ.

ಲಕ್ಷಣಗಳು

ತಲೆ ಉದ್ದ, ಕಿರಿದು. ಮೂತಿಯ ಕಡೆಗೆ ಸಪೂರವಾಗುತ್ತಾ ಹೋಗಬೇಕು. ದವಡೆ ಬಲವಾಗಿದ್ದು, ಮೇಲಿನ ಮುಂಹಲ್ಲುಗಳು ಕೆಳಗಿನವಕ್ಕೆ ಕತ್ತರಿಯಂತೆ ಹೊಂದಿಕೊಳ್ಳಬೇಕು. ಕಿವಿ ಜೋತುಬಿದ್ದಿರಬೇಕು. ಕತ್ತು ಉದ್ದ, ಎದೆ ಆಳ, ಹೊಟ್ಟೆ ಒಳಸರಿದಿರಬೇಕು. ಕೂದಲು ಗಿಡ್ಡ, ನಯ. ಬಣ್ಣಕ್ಕೆ ಅಷ್ಟು ಮಹತ್ವವಿಲ್ಲ.

ಸಪೂರ ಮೈ ಬೇರೆ, ಹಸಿದ ಮೈ ಬೇರೆ. ತೊಡೆಯ ಮಾಂಸಖಂಡ ಮುಟ್ಟಿ ನೋಡಿದರೆ ವ್ಯತ್ಯಾಸ ತಿಳಿಯುತ್ತದೆ.

ನಂತರ ನಾಯಿಯನ್ನು ನಡೆಸಿ, ಓಡಿಸಿ ನೋಡುತ್ತಾರೆ. ಹಿಂದಿನಿಂದ, ಮುಂದಿನಿಂದ ಕಾಲುಗಳ ನೇರ, ಪಕ್ಕದಿಂದ ಹೆಜ್ಜೆಯ ಹಗುರ ಗಮನಿಸುತ್ತಾರೆ. ನಿಂತಾಗ ಮುಚ್ಚಿಟ್ಟ ದೋಷ ನಡಿಗೆಯಲ್ಲಿ ಬಯಲಾಗುತ್ತದೆ. ಮುಧೋಳ ನಾಯಿ ಅಪರಿಚಿತರು ಮೈ ಮುಟ್ಟುವುದನ್ನು ಇಷ್ಟಪಡುವುದಿಲ್ಲ. ಆದ್ದರಿಂದ ಹಲ್ಲು ತೋರಿಸುವುದನ್ನು ಮರಿಯಿದ್ದಾಗಲೇ ರೂಢಿ ಮಾಡಿಸಬೇಕು.

ಗಮನಿಸಿ: ತೀರ್ಪುಗಾರರು ಪ್ರತಿ ನಾಯಿಯನ್ನೂ ಮೊದಲು ತಳಿಯ ಲಿಖಿತ ಮಾನದಂಡಕ್ಕೆ ಹೋಲಿಸುತ್ತಾರೆ, ಪಕ್ಕದ ನಾಯಿಗಲ್ಲ. ಮಾನದಂಡಕ್ಕೆ ಹೆಚ್ಚು ಹತ್ತಿರವಿರುವುದು ಗೆಲ್ಲುತ್ತದೆ.

ಇದು ಬರೀ ಕಪ್ಪಿನ ಮಾತಲ್ಲ. ಗೆದ್ದ ಗಂಡುನಾಯಿಗೆ ಬೇಡಿಕೆ ಬರುತ್ತದೆ. ಅದರ ಗುಣದೋಷಗಳು ಮರಿಗಳಿಗೆ ಇಳಿಯುತ್ತವೆ. ಓಟದ ಆಸೆಗೆ ಗ್ರೇಹೌಂಡ್ ಜೊತೆ ಬೆರೆಸಿದರೆ ವೇಗ ಬರಬಹುದು, ಆದರೆ ಬಿಸಿಲು, ಕಲ್ಲುನೆಲಕ್ಕೆ ಒಗ್ಗಿದ ತಳಿ ಕಳೆದುಹೋಗುತ್ತದೆ. 2005ರಲ್ಲಿ ಈ ನಾಯಿಯ ಅಂಚೆಚೀಟಿ ಬಂದಿತ್ತು. ಮುಧೋಳ ಬಳಿಯ ತಿಮ್ಮಾಪುರದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವೂ ಇದೆ. ಆದರೂ ತಳಿ ಉಳಿಯುವುದು ಸಾಕುವವರ ಕೈಯಲ್ಲಿ.

ಮರಿ ಕೊಳ್ಳುವವರು ದುಡ್ಡು ಕೊಡುವ ಮುನ್ನ ತಾಯಿಯನ್ನು, ಸಾಧ್ಯವಾದರೆ ತಂದೆಯನ್ನೂ ನಡೆಸಿ ನೋಡಲಿ. ನೋಂದಣಿ ಪತ್ರ ಕೇಳುವುದನ್ನು ಮರೆಯಬಾರದು.