ಕಲ್ಲಿಕೋಟೆಯ ಮರದ ಮಸೀದಿ

ಕಲ್ಲಿಕೋಟೆಗೆ ಹೋದವರು 1498ರಲ್ಲಿ ವಾಸ್ಕೋ ಡ ಗಾಮ ಬಂದಿಳಿದನೆನ್ನಲಾಗುವ ಕಾಪ್ಪಾಡ್ ಕಡಲತೀರ ನೋಡಿ ಮರಳುವುದೇ ಹೆಚ್ಚು. ನಾವು ಹೋದದ್ದು ಪೇಟೆಯೊಳಗಿನ ಕುಟ್ಟಿಚಿರಕ್ಕೆ. ಅಲ್ಲಿನ ಕೆರೆಯ ಬಳಿ ಮಿಶ್ಕಾಲ್ ಮಸೀದಿಯಿದೆ. ಗುಮ್ಮಟವಿಲ್ಲ, ಮಿನಾರವಿಲ್ಲ, ಮರದ ಅಂತಸ್ತುಗಳು, ಇಳಿಜಾರಾದ ಹೆಂಚಿನ ಮಾಡು. 14ನೇ ಶತಮಾನದಲ್ಲಿ ಮಿಶ್ಕಾಲ್ ಎಂಬ ಹಡಗು ಮಾಲಕ ಇದನ್ನು ಕಟ್ಟಿಸಿದ.

1510ರಲ್ಲಿ ಪೋರ್ಚುಗೀಸರು ನಗರಕ್ಕೆ ನುಗ್ಗಿ ಮಸೀದಿಗೆ ಬೆಂಕಿಯಿಟ್ಟರು. ಅವರನ್ನು ಹಿಮ್ಮೆಟ್ಟಿಸಿದ್ದು ಹಿಂದೂ ದೊರೆ ಸಾಮೂದಿರಿಯ ನಾಯರ್ ಪಡೆ. 1571ರಲ್ಲಿ ಚಾಲಿಯಂನ ಪೋರ್ಚುಗೀಸ್ ಕೋಟೆ ಸಾಮೂದಿರಿಯ ವಶವಾಯಿತು. ಕೋಟೆಯನ್ನು ಕೆಡವಿ, ಅದರ ಮರಮುಟ್ಟುಗಳನ್ನು ಈ ಮಸೀದಿಯ ದುರಸ್ತಿಗೆ ಕೊಡಲಾಯಿತು. ಸಮೀಪದ ಮುಚ್ಚುಂದಿ ಮಸೀದಿಯ ಶಿಲಾಶಾಸನದಲ್ಲೂ ಸಾಮೂದಿರಿಯ ದತ್ತಿ ಅರಬಿ ಮತ್ತು ವಟ್ಟೆಳುತ್ತು ಲಿಪಿಗಳಲ್ಲಿ ದಾಖಲಾಗಿದೆ.

ಗಾಮನಿಂದಲೇ ಈ ಊರಿನ ಚರಿತ್ರೆ ಆರಂಭಿಸುವವರಿಗೆ ಇಂತಹ ನಂಟು ಕಾಣುವುದಿಲ್ಲ. ಕಲ್ಲಿಕೋಟೆಗೆ ಹೋಗುವವರು ಕುಟ್ಟಿಚಿರಕ್ಕೂ ಒಂದು ಗಂಟೆ ಮೀಸಲಿಡಲಿ.