ಪ್ರತ್ಯೇಕ ಮತಕ್ಷೇತ್ರಗಳು ಮತ್ತು ಧರ್ಮದ ಹಣೆಪಟ್ಟಿ

ಭಾರತದ ಮತದಾರನಿಗೆ ಧರ್ಮದ ಹಣೆಪಟ್ಟಿಯನ್ನು ಕಾನೂನೇ ಅಂಟಿಸಿದ್ದು 1909ರಲ್ಲಿ. 1906ರ ಅಕ್ಟೋಬರ್ 1ರಂದು ಆಗಾ ಖಾನರ ನೇತೃತ್ವದ ನಿಯೋಗವೊಂದು ಶಿಮ್ಲಾದಲ್ಲಿ ವೈಸ್‌ರಾಯ್ ಮಿಂಟೋ ಅವರಿಗೆ ಸಲ್ಲಿಸಿದ್ದ ಮನವಿಯನ್ನು ಆ ವರ್ಷದ ಶಾಸನ ಪುರಸ್ಕರಿಸಿ, ಮುಸ್ಲಿಂ ಮತದಾರರು ಮಾತ್ರ ಮುಸ್ಲಿಂ ಪ್ರತಿನಿಧಿಯನ್ನು ಆರಿಸುವ ಪ್ರತ್ಯೇಕ ಮತಕ್ಷೇತ್ರಗಳನ್ನು ಜಾರಿಗೆ ತಂದಿತು. ಆಸ್ತಿ ಮತ್ತು ತೆರಿಗೆಯ ಆಧಾರದ ಮೇಲೆ ಕೆಲವರಿಗಷ್ಟೇ ಮತದಾನದ ಹಕ್ಕಿದ್ದ ಕಾಲದಲ್ಲಿ, ಸಾಮಾನ್ಯ ಪಟ್ಟಿಯಲ್ಲಿ ತಮ್ಮವರೊಬ್ಬರೂ ಗೆಲ್ಲಲಾರರೆಂಬ ಅಲ್ಪಸಂಖ್ಯಾತರ ಅಂಜಿಕೆ ನಿರಾಧಾರವಾಗಿರಲಿಲ್ಲ. 1916ರ ಲಖನೌ ಒಪ್ಪಂದದಲ್ಲಿ ಕಾಂಗ್ರೆಸ್ಸೂ ಈ ಏರ್ಪಾಟಿಗೆ ಸಮ್ಮತಿಸಿತು. 1919ರ ಸುಧಾರಣೆ ಅದನ್ನು ಪಂಜಾಬಿನ ಸಿಖ್ಖರಿಗೂ ಮದರಾಸು ಪ್ರಾಂತ್ಯದ ಭಾರತೀಯ ಕ್ರೈಸ್ತರಿಗೂ ವಿಸ್ತರಿಸಿತು. ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಧಾರವಾಡ, ಬೆಳಗಾವಿ, ವಿಜಾಪುರಗಳಲ್ಲಿಯೂ ಮದರಾಸಿಗೆ ಸೇರಿದ್ದ ಬಳ್ಳಾರಿ, ದಕ್ಷಿಣ ಕನ್ನಡಗಳಲ್ಲಿಯೂ ಒಂದೇ ಓಣಿಯ ನೆರೆಹೊರೆಯವರು ಬೇರೆ ಬೇರೆ ಪಟ್ಟಿಗಳಲ್ಲಿ ದಾಖಲಾದರು.

ಈ ವಿಂಗಡಣೆಯ ಪರಿಣಾಮ ಮುಸ್ಲಿಂ ಕ್ಷೇತ್ರಗಳಿಗಷ್ಟೇ ಸೀಮಿತವಾಯಿತೆಂದು ಭಾವಿಸುವುದು ತಪ್ಪು. ಉಳಿದ ಕ್ಷೇತ್ರಗಳನ್ನು 1919ರ ನಿಯಮಗಳು ‘ಮುಸ್ಲಿಮೇತರ’ವೆಂದೇ ಕರೆದಿದ್ದವು, ಅಲ್ಲಿ ಮುಸ್ಲಿಮರನ್ನು ಹಳಿದು ಭಾಷಣ ಮಾಡಿದ ಅಭ್ಯರ್ಥಿ ಅವರ ಒಂದು ಮತವನ್ನೂ ಕಳೆದುಕೊಳ್ಳುತ್ತಿರಲಿಲ್ಲ, ಏಕೆಂದರೆ ಕಳೆದುಕೊಳ್ಳಲು ಅಂಥ ಮತವೇ ಇರಲಿಲ್ಲ. 1926ರ ಚುನಾವಣೆಯಲ್ಲಿ ಸಂಯುಕ್ತ ಪ್ರಾಂತ್ಯದಲ್ಲಿ, ಅಂದರೆ ಇಂದಿನ ಉತ್ತರ ಪ್ರದೇಶದ ಸೀಮೆಯಲ್ಲಿ, ಸ್ವರಾಜ್ಯ ಪಕ್ಷದ ನಾಯಕ ಮೋತಿಲಾಲ್ ನೆಹರೂ ಗೋಮಾಂಸ ತಿನ್ನುವವರು, ಹಿಂದೂದ್ವೇಷಿ, ಮುಸ್ಲಿಮರ ಪಕ್ಷಪಾತಿ ಎಂಬ ಪ್ರಚಾರ ಹಬ್ಬಿತು. ಅದರಿಂದಾದ ನೋವನ್ನು ಅವರು ಮಗ ಜವಾಹರಲಾಲರಿಗೆ ಬರೆದ ಪತ್ರದಲ್ಲಿ ತೋಡಿಕೊಂಡರು. ಆ ಪ್ರಾಂತ್ಯದಲ್ಲಿ ಅವರ ಪಕ್ಷ ಬಲವಾದ ಪೆಟ್ಟು ತಿಂದಿತು.

ಹಾಗೆಂದು ಹಣೆಪಟ್ಟಿಗೆ ಮತದಾರ ಸದಾ ಮಣಿದನೆಂದಲ್ಲ. 1937ರಲ್ಲಿ ಮುಸ್ಲಿಂ ಲೀಗಿನಿಂದ ಗೆದ್ದಿದ್ದ ಹಾಫಿಜ್ ಮುಹಮ್ಮದ್ ಇಬ್ರಾಹಿಂ ಕಾಂಗ್ರೆಸ್ ಸೇರಿ, ರಾಜೀನಾಮೆ ಕೊಟ್ಟು, ಬಿಜ್ನೋರಿನ ಮುಸ್ಲಿಂ ಕ್ಷೇತ್ರದಲ್ಲಿಯೇ ಮರುಚುನಾವಣೆಗೆ ನಿಂತು ಮತ್ತೆ ಗೆದ್ದರು. ಆ ವರ್ಷ ಪ್ರಾಂತ್ಯಗಳ 482 ಮುಸ್ಲಿಂ ಸ್ಥಾನಗಳಲ್ಲಿ ಲೀಗಿಗೆ ಕಾಲು ಭಾಗವೂ ದಕ್ಕಿರಲಿಲ್ಲ. ಎಂಟೇ ವರ್ಷಗಳಲ್ಲಿ ಚಿತ್ರ ಬದಲಾಯಿತು: 1945ರ ಕೊನೆಯಲ್ಲಿ ಕೇಂದ್ರ ಶಾಸನಸಭೆಯ ಎಲ್ಲ 30 ಮುಸ್ಲಿಂ ಸ್ಥಾನಗಳನ್ನೂ ಲೀಗು ಗೆದ್ದು, ಆ ಫಲಿತಾಂಶವನ್ನೇ ಪಾಕಿಸ್ತಾನದ ಬೇಡಿಕೆಗೆ ಜನಾದೇಶವೆಂದು ಮುಂದಿಟ್ಟಿತು.

ಸಂವಿಧಾನ ಸಭೆ 1947ರ ಆಗಸ್ಟಿನಲ್ಲಿ ಪ್ರತ್ಯೇಕ ಮತಕ್ಷೇತ್ರಗಳನ್ನು ತಿರಸ್ಕರಿಸಿತು. ಧರ್ಮದ ಕಾರಣಕ್ಕೆ ಯಾರನ್ನೂ ಮತದಾರರ ಪಟ್ಟಿಯಿಂದ ಹೊರಗಿಡಬಾರದೆಂದು 325ನೇ ವಿಧಿ ಸಾರಿತು. ಪಟ್ಟಿ ಒಂದಾದರೂ ರೂಢಿ ಅಳಿಯಲಿಲ್ಲ. ಧರ್ಮದ ಹೆಸರಿನಲ್ಲಿ ಮತ ಕೇಳುವುದನ್ನು ಪ್ರಜಾಪ್ರತಿನಿಧಿ ಕಾಯ್ದೆಯ 123(3)ನೇ ಕಲಮು ಭ್ರಷ್ಟ ಆಚರಣೆಯೆಂದು, ಅಂದರೆ ಆಯ್ಕೆಯನ್ನೇ ರದ್ದುಪಡಿಸಬಹುದಾದ ಅಕ್ರಮವೆಂದು ಪರಿಗಣಿಸುತ್ತದೆ. ಅಂಥ ಪ್ರಚಾರ ವ್ಯವಸ್ಥಿತವಾಗಿ ನಡೆದಿರಬೇಕೆಂಬ ಷರತ್ತನ್ನು 1961ರಲ್ಲಿ ತೆಗೆದುಹಾಕಿ ಕಲಮನ್ನು ಬಿಗಿಗೊಳಿಸಲಾಯಿತಾದರೂ, ನ್ಯಾಯಾಲಯದ ಹಾದಿ ದೀರ್ಘವಾಗಿಯೇ ಉಳಿಯಿತು. 1987ರ ಡಿಸೆಂಬರಿನಲ್ಲಿ ಮುಂಬಯಿಯ ವಿಲೆ ಪಾರ್ಲೆ ಉಪಚುನಾವಣೆಯಲ್ಲಿ ಗೆದ್ದ ರಮೇಶ್ ಪ್ರಭು ಅವರ ಆಯ್ಕೆಯನ್ನು ಈ ಕಲಮಿನಡಿ ಉಚ್ಚ ನ್ಯಾಯಾಲಯ ರದ್ದುಪಡಿಸಿತು. ಸರ್ವೋಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿದದ್ದು 1995ರ ಡಿಸೆಂಬರ್ 11ರಂದು, ಆ ವಿಧಾನಸಭೆಯ ಅವಧಿ ಮುಗಿದು ಐದು ವರ್ಷಕ್ಕೂ ಹೆಚ್ಚು ಕಾಲ ಕಳೆದ ಮೇಲೆ.