ಇನ್ನೂರು ಮೈಲಿಯ ಗೆರೆ



‘ಮೀನುಗಾರಿಕೆ ಜಪಾನಿನ ಮುಖ್ಯ ಕಸುಬು’ ಎಂದು ತರಗತಿಯಲ್ಲಿ ಬರೆಸಿ ಮುಂದೆ ಸಾಗುತ್ತಿದ್ದೆ. ಆ ವಾಕ್ಯದ ಹಿಂದಿನ ಕಥೆಯನ್ನು ಹೇಳದೆ ಉಳಿಸಿದ ಬಾಕಿಯನ್ನು ಇಂದು ತೀರಿಸುವೆ.

1911ರಲ್ಲಿ ತಮುರಾ ಇಚಿರೊ ಎಂಬ ಉದ್ಯಮಿ ಶಿಮೊನೊಸೆಕಿ ಬಂದರಿನಲ್ಲಿ ಟ್ರಾಲರ್ ಮೀನುಗಾರಿಕೆಯ ಸಂಸ್ಥೆಯನ್ನು ಕಟ್ಟಿದರು. 1937ರಲ್ಲಿ ಅದಕ್ಕೆ ‘ನಿಪ್ಪೊನ್ ಸುಯಿಸಾನ್’ ಎಂಬ ಹೆಸರು ಬಂತು. ಎರಡನೆಯ ಮಹಾಯುದ್ಧ ಅದರ ಬಹುಪಾಲು ಹಡಗುಗಳನ್ನು ನುಂಗಿತು. ಆದರೂ ಸಂಸ್ಥೆ ಚೇತರಿಸಿಕೊಂಡು, ಉತ್ತರ ಪೆಸಿಫಿಕ್‌ನ ದೂರದ ನೀರಿಗೆ ಮತ್ತೆ ಹಡಗುಗಳನ್ನು ಕಳುಹಿಸಿತು. ಕಡಲು ಯಾರೊಬ್ಬರದೂ ಅಲ್ಲವೆಂಬ ನಂಬಿಕೆಯೇ ಅದರ ನಿಜವಾದ ಬಂಡವಾಳವಾಗಿತ್ತು.

1977ರಲ್ಲಿ ಅಮೆರಿಕ ಮತ್ತು ಸೋವಿಯತ್ ಒಕ್ಕೂಟಗಳು ತಮ್ಮ ತೀರದಿಂದ 200 ನಾಟಿಕಲ್ ಮೈಲಿಗಳವರೆಗಿನ ಮೀನಿನ ಮೇಲೆ ಹಕ್ಕು ಸಾಧಿಸಿದವು. (ನಮ್ಮ ಭಾರತವೂ 1976ರಲ್ಲಿ ಇಂತಹ ಕಾಯಿದೆ ಮಾಡಿತು.) ಆ ಬಂಡವಾಳ ಕರಗಿತು. ದೂರದ ಕಡಲನ್ನೇ ನಂಬಿದ್ದ ಜಪಾನಿನ ಎಷ್ಟೋ ನಾವಿಕರು ಕೆಲಸ ಕಳೆದುಕೊಂಡರು.

ಮೀನು ಹಿಡಿಯುವವನಿಗೆ ಬಾಗಿಲು ಮುಚ್ಚಿತ್ತು. ಕೊಂಡು ಸಂಸ್ಕರಿಸುವವನಿಗೆ ತೆರೆದೇ ಇತ್ತು. ಸಂಸ್ಥೆ 1974ರಲ್ಲೇ ಅಲಾಸ್ಕಾದಲ್ಲಿ ‘ಯೂನಿಸೀ’ ಎಂಬ ಸಂಸ್ಕರಣಾ ಕಂಪನಿಯನ್ನು ಆರಂಭಿಸಿತ್ತು. ಮುಂದೆ ಚಿಲಿಯಲ್ಲಿ ಸಾಲ್ಮನ್ ಸಾಕಣೆಗೆ ಕೈಹಾಕಿತು. 2001ರಲ್ಲಿ, 1849ರಷ್ಟು ಹಳೆಯ ಅಮೆರಿಕದ ‘ಗಾರ್ಟನ್ಸ್’ ಕಂಪನಿಯನ್ನೇ ಕೊಂಡಿತು. 2022ರಿಂದ ಅದರ ಹೆಸರು ‘ನಿಸ್ಸುಯಿ’.

ಸಂಸ್ಥೆ ಬದುಕಿತು, ನಿಜ. ಆದರೆ ಬಲೆ ಬಿಟ್ಟು ಕಾರ್ಖಾನೆ ಹಿಡಿಯುವುದು ಕಂಪನಿಗೆ ಸಾಧ್ಯವಾದಷ್ಟು ಸುಲಭವಾಗಿ ನಡುವಯಸ್ಸಿನ ನಾವಿಕನಿಗೆ ಸಾಧ್ಯವೇ? ಇತಿಹಾಸ ಓದುವಾಗ ಅವನನ್ನೂ ನೆನೆಯಿರಿ.